ಹೊಟ್ಟೆಯ ಸ್ನಾಯುವಿಗೂ ವಾರದ ರಜೆ ಬೇಕು

ದಿನಕ್ಕೆ ನೂರು ಸಿಟ್‌ಅಪ್ ಹೊಡೆದರೆ ಹೊಟ್ಟೆ ಕರಗುತ್ತದೆ ಎಂಬ ನಂಬಿಕೆ ಪಾರ್ಕಿನಿಂದ ಜಿಮ್‌ವರೆಗೆ ಬೇರೂರಿದೆ. ಆದರೆ ಹೊಟ್ಟೆಯ ಸ್ನಾಯು ಇರುವುದು ಯಾತಕ್ಕೆ? ಅದಕ್ಕೆ ವಾರದಲ್ಲಿ ಎಷ್ಟು ದಿನ, ಯಾವ ಬಗೆಯ ಕೆಲಸ ಕೊಡಬೇಕು?

ಜನವರಿ ಮೊದಲ ವಾರ ಯಾವ ಊರಿನ ಜಿಮ್‌ನಲ್ಲಿ ನಿಂತರೂ ಎರಡು ಮಾತು ಕಿವಿಗೆ ಬೀಳುತ್ತವೆ. ನಲವತ್ತು ದಾಟಿದವರದು ಒಂದು: ‘ಸಾರ್, ಬೇರೇನೂ ಬೇಡ, ಈ ಹೊಟ್ಟೆ ಒಂದು ಕರಗಿಬಿಟ್ರೆ ಸಾಕು.’ ಇಪ್ಪತ್ತರ ಹುಡುಗನದು ಇನ್ನೊಂದು: ‘ಅಣ್ಣಾ, ಆ್ಯಬ್ಸ್ ದಿನಾ ಹೊಡೀಬಹುದಾ?’ ಮೊದಲನೆಯವರ ಚಿಂತೆ ಕೊಬ್ಬಿನದು, ಎರಡನೆಯವನದು ಸ್ನಾಯುವಿನದು. ಇಬ್ಬರಿಗೂ ಸಿಗುವ ಉತ್ತರ ಮಾತ್ರ ಹೆಚ್ಚಿನ ಕಡೆ ಒಂದೇ. ಮ್ಯಾಟ್ ಹಾಸಿಕೊಳ್ಳಿ, ಕ್ರಂಚಸ್ ಶುರು ಮಾಡಿ, ನಾಳೆಯೂ ಬನ್ನಿ.

ಈ ಉತ್ತರದಿಂದ ಇಬ್ಬರಿಗೂ ಲಾಭವಿಲ್ಲ. ನಲವತ್ತರವರ ಹೊಟ್ಟೆಯ ಕೊಬ್ಬು ಕ್ರಂಚಸ್‌ಗೆ ಜಗ್ಗುವುದಿಲ್ಲ. ಹುಡುಗನ ಸ್ನಾಯು ದಿನವೂ ಒಂದೇ ಹಗುರ ಕೆಲಸ ಮಾಡಿ ಮಾಡಿ, ಬೆಳೆಯಲು ಕಾರಣವೇ ಸಿಗದೆ ಇದ್ದಲ್ಲೇ ಇರುತ್ತದೆ. ತೋಳಿಗೆ, ತೊಡೆಗೆ ಇರುವ ನಿಯಮವೇ ಹೊಟ್ಟೆಗೂ ಇದೆ: ಕಡಿಮೆ ಸಲ ಮಾಡಿ, ಕಷ್ಟಪಟ್ಟು ಮಾಡಿ, ಸರಿಯಾಗಿ ಮಾಡಿ, ನಡುವೆ ಬಿಡುವು ಕೊಡಿ. ಇಷ್ಟು ಸರಳ ಮಾತನ್ನು ನಂಬುವುದು ಕಷ್ಟವಾಗುವುದಕ್ಕೆ ಕಾರಣ, ಹೊಟ್ಟೆಯ ವಿಷಯದಲ್ಲಿ ನಾವು ಎರಡು ಬೇರೆ ಲೆಕ್ಕಗಳನ್ನು ಒಂದೇ ಪುಟದಲ್ಲಿ ಬರೆದುಕೊಂಡಿರುವುದು.

ಕೊಬ್ಬಿನ ಲೆಕ್ಕವೇ ಬೇರೆ

ಕೆಲಸ ಮಾಡಿದ ಜಾಗದ ಕೊಬ್ಬೇ ಕರಗುವುದಾದರೆ ಟೆನಿಸ್ ಆಟಗಾರರ ಬಲಗೈ ಎಡಗೈಗಿಂತ ಸಪೂರವಾಗಿರಬೇಕಿತ್ತು. 1971ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಅಳೆದು ನೋಡಿದರು. ವರ್ಷಗಟ್ಟಲೆ ರ‍್ಯಾಕೆಟ್ ಬೀಸಿದ ಕೈಯ ಸುತ್ತಳತೆ ಹೆಚ್ಚಿತ್ತು, ಅಂದರೆ ಸ್ನಾಯು ಬೆಳೆದಿತ್ತು. ಚರ್ಮದಡಿಯ ಕೊಬ್ಬಿನ ದಪ್ಪ ಮಾತ್ರ ಎರಡೂ ಕೈಯಲ್ಲಿ ಒಂದೇ ಇತ್ತು.

1984ರ ಪ್ರಯೋಗ ಇನ್ನೂ ನೇರ. ಅದರಲ್ಲಿ ಪಾಲ್ಗೊಂಡ ಗಂಡಸರು 27 ದಿನಗಳಲ್ಲಿ ತಲಾ 5,004 ಸಿಟ್‌ಅಪ್ ಹೊಡೆದರು. ಮೊದಲು ಮತ್ತು ಕೊನೆಗೆ ಹೊಟ್ಟೆ, ಬೆನ್ನು, ಪೃಷ್ಠ ಮೂರೂ ಕಡೆಯಿಂದ ಸೂಜಿ ಹಾಕಿ ಕೊಬ್ಬಿನ ಕೋಶ ತೆಗೆದು ಅಳೆದರು. ಕೋಶಗಳೇನೋ ತುಸು ಕುಗ್ಗಿದ್ದವು. ಆದರೆ ಹೊಟ್ಟೆಯವು ಉಳಿದ ಕಡೆಯವಕ್ಕಿಂತ ಹೆಚ್ಚೇನೂ ಕುಗ್ಗಿರಲಿಲ್ಲ. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 24 ಜನರ ಪೈಕಿ ಒಂದು ಗುಂಪು ವಾರಕ್ಕೆ 5 ದಿನದಂತೆ 6 ವಾರ, ಏಳು ಬಗೆಯ ಹೊಟ್ಟೆ ವ್ಯಾಯಾಮ ಮಾಡಿತು. ಹೆಚ್ಚು ಕ್ರಂಚಸ್ ಮಾಡುವ ತ್ರಾಣವೇನೋ ಬಂತು, ಸೊಂಟದ ಸುತ್ತಳತೆ ಮತ್ತು ಹೊಟ್ಟೆಯ ಕೊಬ್ಬು ಇದ್ದ ಹಾಗೇ ಉಳಿದವು.

ದೇಹ ಕೊಬ್ಬನ್ನು ಬಳಸುವ ಬಗೆಯಲ್ಲೇ ಇದಕ್ಕೆ ಉತ್ತರವಿದೆ. ಶಕ್ತಿ ಬೇಕಾದಾಗ ಹಾರ್ಮೋನುಗಳು ಮೈಯೆಲ್ಲ ಸುತ್ತಿ, ಅಲ್ಲಲ್ಲಿನ ಕೋಶಗಳಿಂದ ಕೊಬ್ಬಿನಾಮ್ಲವನ್ನು ಬಿಡಿಸಿ ರಕ್ತಕ್ಕೆ ಸೇರಿಸುತ್ತವೆ. ದುಡಿಯುವ ಸ್ನಾಯು ಅದನ್ನು ರಕ್ತದಿಂದ ಪಡೆಯುತ್ತದೆಯೇ ಹೊರತು ಪಕ್ಕದ ಕೊಬ್ಬಿಗೆ ನೇರವಾಗಿ ಕೈ ಹಾಕುವುದಿಲ್ಲ. ಯಾರಿಗೆ ಎಲ್ಲಿಂದ ಮೊದಲು ಇಳಿಯಬೇಕು ಎಂಬುದನ್ನು ವಂಶ, ಲಿಂಗ, ವಯಸ್ಸು ನಿರ್ಧರಿಸುತ್ತವೆ. ನಮ್ಮ ಗಂಡಸರಲ್ಲಿ ಬಹುಪಾಲು ಮಂದಿಗೆ ಮೊದಲು ಬಂದು ಕೂರುವುದೂ ಹೊಟ್ಟೆಗೆ, ಕಡೆಗೆ ಹೊರಡುವುದೂ ಹೊಟ್ಟೆಯಿಂದಲೇ.

ಹಾಗೆಂದು ಈ ಕೊಬ್ಬನ್ನು ಕಡೆಗಣಿಸುವಂತಿಲ್ಲ. ಐಸಿಎಂಆರ್‌ನ ‘ಇಂಡಿಯಾಬ್’ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ. ಭಾರತೀಯರಿಗೆ ಒಪ್ಪಿತವಾಗಿರುವ ಸೊಂಟದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಪ್ಯಾಂಟಿನ ಸೈಜನ್ನು ನಂಬಬೇಡಿ. ಅದು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ. ಕಡೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಬೇಕು. ಮಿತಿ ದಾಟಿದವರಿಗೆ ಬೇಕಾದದ್ದು ಬಿರುಸಿನ ನಡಿಗೆ, ತಟ್ಟೆಯಲ್ಲಿ ಅನ್ನದ ಪಾಲು ಇಳಿಸಿ ಬೇಳೆ, ಹುರುಳಿ, ಮೊಟ್ಟೆ, ಸೊಪ್ಪಿನ ಪಾಲು ಏರಿಸುವುದು, ಸರಿಯಾದ ನಿದ್ದೆ, ಮತ್ತು ಇಡೀ ಮೈಗೆ ಕೆಲಸ ಕೊಡುವ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆ, ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ.

ಒಂದರ ಮೇಲೊಂದು ಪದರ

ಇನ್ನು ಸ್ನಾಯುವಿನ ಲೆಕ್ಕ. ಕನ್ನಡಿಯಲ್ಲಿ ‘ಪ್ಯಾಕ್’ ಆಗಿ ಕಾಣುವುದು ರೆಕ್ಟಸ್ ಅಬ್ಡಾಮಿನಿಸ್. ಎದೆಗೂಡಿನಿಂದ ಹೊರಟು ಕಿಬ್ಬೊಟ್ಟೆಯ ಮೂಳೆಯವರೆಗೆ ನೇರ ಇಳಿಯುವ ಎರಡು ಪಟ್ಟಿಗಳಿವು. ಅಡ್ಡಕ್ಕೆ ಹಾದುಹೋಗುವ ನಾರಿನ ಗೆರೆಗಳು ಅದನ್ನು ಮನೆ ಮನೆಯಾಗಿ ಭಾಗ ಮಾಡುತ್ತವೆ. ಈ ಗೆರೆಗಳು ಎಷ್ಟು, ಎಲ್ಲಿ, ಎರಡೂ ಬದಿ ಸರಿಸಮ ಇವೆಯೋ ಓರೆಯಾಗಿವೆಯೋ ಎಂಬುದು ಹುಟ್ಟಿನಿಂದಲೇ ಬಂದದ್ದು. ನಾಲ್ಕರವನು ಎಷ್ಟು ಹಟ ಹಿಡಿದರೂ ಎಂಟರವನಾಗುವುದಿಲ್ಲ.

ಅದರ ಇಕ್ಕೆಲಗಳಲ್ಲಿ ಓರೆಯಾಗಿ ಹೆಣೆದುಕೊಂಡಿರುವುದು ಆಬ್ಲಿಕ್ ಸ್ನಾಯುಗಳ ಎರಡು ಪದರ. ಹೊರಗಿನದು ಒಂದು ದಿಕ್ಕಿಗೆ ಇಳಿದರೆ ಒಳಗಿನದು ಅದಕ್ಕೆ ಅಡ್ಡಲಾಗಿ ಸಾಗುತ್ತದೆ. ಎಲ್ಲಕ್ಕಿಂತ ಒಳಗಿರುವ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಸೊಂಟಪಟ್ಟಿಯ ಹಾಗೆ ಅಡ್ಡಡ್ಡ ಸುತ್ತಿದೆ. ಮೇಲೆ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು, ಹಿಂದೆ ಬೆನ್ನುಮೂಳೆಗೆ ಅಂಟಿದ ಸಣ್ಣ ಸ್ನಾಯುಗಳು. ಇವೆಲ್ಲ ಒಟ್ಟಾಗಿ ಬಿಗಿದಾಗ ಹೊಟ್ಟೆಯೊಳಗೆ ಒತ್ತಡ ಏರಿ ನಡು ಗಟ್ಟಿಯಾಗುತ್ತದೆ. ಜಿಮ್‌ನವರು ‘ಕೋರ್’ ಎನ್ನುವುದು ಈ ಇಡೀ ಕಟ್ಟನ್ನು.

1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಒಂದು ಸ್ವಾರಸ್ಯದ ಸಂಗತಿ ತೋರಿಸಿಕೊಟ್ಟರು. ನಿಂತ ಮನುಷ್ಯ ಕೈಯೆತ್ತುವ ಮೊದಲೇ ಹೊಟ್ಟೆಯ ಒಳಪದರ ಬಿಗಿಯುತ್ತದೆ. ಕೈಗೆ ಆಧಾರ ಬೇಕೆಂದು ನಡು ಮುಂಚಿತವಾಗಿ ಸಿದ್ಧವಾಗಿರುತ್ತದೆ. ಬಹಳ ಕಾಲದಿಂದ ಸೊಂಟನೋವಿದ್ದವರಲ್ಲಿ ಈ ಬಿಗಿತ ಕ್ಷಣದ ಒಂದು ಪಾಲಿನಷ್ಟು ತಡವಾಗಿ ಬರುತ್ತಿತ್ತು.

ದಿನವಿಡೀ ನಿಮ್ಮ ಹೊಟ್ಟೆಯ ಸ್ನಾಯು ಏನು ಮಾಡುತ್ತದೆ ಎಂದು ಗಮನಿಸಿ. ಗ್ಯಾಸ್ ಸಿಲಿಂಡರ್ ಉರುಳಿಸುವಾಗ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡೆಯುವಾಗ, ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಡ್ರೈವರ್ ಬ್ರೇಕ್ ಹಾಕಿದರೆ, ಅದು ನಡುವನ್ನು ಅಲುಗದಂತೆ ಹಿಡಿದು ನಿಲ್ಲಿಸುತ್ತದೆ. ಮುಂದಕ್ಕೆ ಮಡಚುವ ಕೆಲಸ ಹಾಸಿಗೆಯಿಂದ ಏಳುವಾಗ ಒಮ್ಮೆ ಬರಬಹುದು. ಹಿಂದಕ್ಕೆ ಬಾಗದಂತೆ, ಪಕ್ಕಕ್ಕೆ ವಾಲದಂತೆ, ತಿರುಚಿಕೊಳ್ಳದಂತೆ ತಡೆಯುವ ಕೆಲಸ ಗಂಟೆಗಂಟೆಗೂ ಇರುತ್ತದೆ. ಅಭ್ಯಾಸವೂ ಅದಕ್ಕೆ ತಕ್ಕಂತೆಯೇ ಇರಬೇಕು.

ಗರಡಿಯವರ ನಡು

ನಮ್ಮ ಗರಡಿ ಮನೆಗಳ ಸಾಮಿನಲ್ಲಿ ಕ್ರಂಚಸ್ ಎಂಬುದೇ ಇರಲಿಲ್ಲ. ಮೈಸೂರಿನ ಪೈಲ್ವಾನರು ದಂಡ ಹೊಡೆದರು, ಬಸ್ಕಿ ತೆಗೆದರು, ಗದೆ ತಿರುಗಿಸಿದರು, ಗುದ್ದಲಿ ಹಿಡಿದು ಮಟ್ಟಿಯ ಕೆಮ್ಮಣ್ಣನ್ನು ಅಗೆದು ಹದ ಮಾಡಿದರು. ಗದೆ ತಲೆಯ ಹಿಂದಿನಿಂದ ಸುತ್ತಿ ಬರುವಾಗ ಮೈಯನ್ನು ಒಂದು ಬದಿಗೆ ಎಳೆಯುತ್ತದೆ. ಆ ಎಳೆತಕ್ಕೆ ಮಣಿಯದೆ ನಿಲ್ಲುವುದೇ ಆಬ್ಲಿಕ್‌ಗಳಿಗೆ ಕಸರತ್ತು. ದಂಡದಲ್ಲಿ ಮೈ ನೆಲದ ಮಟ್ಟಕ್ಕೆ ಇಳಿದು ಏಳುವಷ್ಟು ಹೊತ್ತೂ ಹೊಟ್ಟೆ ಬಿಗಿದಿರಲೇಬೇಕು, ಇಲ್ಲವಾದರೆ ಸೊಂಟ ಜೋತುಬೀಳುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರ, ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊರುವ ಹಮಾಲರ ನಡುವೂ ಹೀಗೆ ಗಟ್ಟಿಯಾದದ್ದೇ.

ಆಧುನಿಕ ದೇಹದಾರ್ಢ್ಯವನ್ನು ಬೆಂಗಳೂರಿನಲ್ಲಿ ಬೆಳೆಸಿದ ಕೆ.ವಿ. ಅಯ್ಯರ್ ಅವರನ್ನು ಕನ್ನಡಿಗರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರಾಗಿ ಹೆಚ್ಚು ಬಲ್ಲರು. 1930ರಲ್ಲಿ ಅವರು ಸ್ನಾಯುಸಾಧನೆಯ ಬಗ್ಗೆ ಇಂಗ್ಲಿಷ್‌ನಲ್ಲಿ ಪುಸ್ತಕ ಬರೆದರು, 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಇನ್ನೊಂದು. ಬಾರ್‌ಬೆಲ್ಲನ್ನೂ ಆಸನವನ್ನೂ ಒಂದೇ ಪಾಠದಲ್ಲಿ ಸೇರಿಸಿದ್ದು ಅವರ ವಿಶೇಷ. ಅದೇ ದಶಕದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಹಬ್ಬಿಸಿದ ಅಷ್ಟಾಂಗ ಪದ್ಧತಿಯ ಮೊದಲ ಶ್ರೇಣಿಯಲ್ಲಿ ನಾವಾಸನವನ್ನು ಐದು ಉಸಿರಿನ ಹೊತ್ತು ಹಿಡಿದು, ಮೈಯೆತ್ತಿ ಇಳಿಸಿ, ಮತ್ತೆ ಹಿಡಿಯುತ್ತ ಐದು ಸಲ ಮಾಡುತ್ತಾರೆ. ಸಲಗಳು ಐದೇ, ಆದರೆ ಐದನೆಯದು ಮುಗಿಯುವಾಗ ಕಾಲು ನಡುಗುತ್ತದೆ. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಐವತ್ತು ದಾಟಿದ್ದ ರಾಜಕುಮಾರ್ ಆಸನಗಳನ್ನು ಹಾಕಿದ್ದನ್ನು ನೆನೆಯುವವರು ಇಂದಿಗೂ ಇದ್ದಾರೆ. ನಡುವಿನ ಬಲಕ್ಕೂ ‘ಪ್ಯಾಕ್’ಗೂ ನಂಟಿರಲೇಬೇಕೆಂದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಬೆಳಗಿನ ಸಿಟ್‌ಅಪ್‌ನ ತೊಂದರೆ

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಬೆನ್ನುಮೂಳೆಯನ್ನು ಅಭ್ಯಾಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಅಳೆದಂತೆ ಒಂದು ಸಿಟ್‌ಅಪ್ ಸೊಂಟದ ಮೂಳೆಗಳ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಹೇರುತ್ತದೆ. ಕೂಲಿಕಾರರ ಬೆನ್ನಿನ ಸುರಕ್ಷತೆಗಾಗಿ ಅಮೆರಿಕದಲ್ಲಿ ಹಾಕಿಕೊಂಡ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಮಿತಿಯ ಅಂಚಿನ ಕೆಲಸವನ್ನು ನಾವು ನೂರು ಸಲ ಮಾಡಿ ಬೆವರೊರೆಸಿಕೊಳ್ಳುತ್ತೇವೆ. ಗೆಳೆಯನೊಬ್ಬ ಪಾದ ಹಿಡಿದುಕೊಂಡರಂತೂ ಹೊಟ್ಟೆಗಿಂತ ಹೆಚ್ಚು ದುಡಿಯುವುದು ತೊಡೆಯನ್ನು ಮೇಲೆತ್ತುವ ಸೋಯಸ್ ಸ್ನಾಯು. ಅದು ಸೊಂಟದ ಮೂಳೆಗಳಿಗೇ ಅಂಟಿಕೊಂಡಿರುವುದರಿಂದ ಪ್ರತಿ ಸಲವೂ ಅವನ್ನು ಮುಂದಕ್ಕೆ ಜಗ್ಗುತ್ತದೆ. ‘ಹೊಟ್ಟೆ ವ್ಯಾಯಾಮ ಮಾಡಿದೆ, ಸೊಂಟ ಹಿಡಿದುಕೊಂಡಿತು’ ಎನ್ನುವವರಲ್ಲಿ ಹಲವರ ಕಥೆ ಇದು.

ಬೆಳಗಿನ ಜಾವಕ್ಕೆ ಇನ್ನೊಂದು ತೊಡಕಿದೆ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚಿರುವುದು ಅದಕ್ಕೇ. ಉಬ್ಬಿದ ಡಿಸ್ಕ್ ಬಾಗುವಾಗ ಹೆಚ್ಚು ಒತ್ತಡ ತಿನ್ನುತ್ತದೆ. ಸೊಂಟನೋವಿನವರು ಎದ್ದ ಮೇಲೆ ಮೊದಲ ಕೆಲವು ಗಂಟೆ ಬಗ್ಗುವುದನ್ನು ತಪ್ಪಿಸಿದರೆ ನೋವು ಇಳಿಯುತ್ತದೆ ಎಂದು 1998ರ ಅಧ್ಯಯನವೊಂದು ತೋರಿಸಿತು. ಐದೂವರೆಗೆ ಎದ್ದು ಐದೂ ಮುಕ್ಕಾಲಿಗೆ ಪಾರ್ಕಿನ ಸಿಮೆಂಟ್ ಬೆಂಚಿನ ಮೇಲೆ ಸಿಟ್‌ಅಪ್ ಶುರು ಮಾಡುವವರು ಮೊದಲು ಅರ್ಧ ಗಂಟೆ ನಡೆದು, ಮಡಚುವ ವ್ಯಾಯಾಮವನ್ನು ಸಂಜೆಗೆ ಸರಿಸುವುದು ಒಳ್ಳೆಯದು.

ಅಮೆರಿಕದ ಭೂಸೇನೆ 1980ರಿಂದ ತನ್ನ ದೈಹಿಕ ಪರೀಕ್ಷೆಯಲ್ಲಿ ಎರಡು ನಿಮಿಷದ ಸಿಟ್‌ಅಪ್ ಇಟ್ಟುಕೊಂಡಿತ್ತು. ಈಗ ಆ ಜಾಗದಲ್ಲಿ ಪ್ಲ್ಯಾಂಕ್ ಇದೆ, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿದಿರುವುದು. ಅಲ್ಲಿನ ನೌಕಾಪಡೆಯೂ 2021ರಲ್ಲಿ ಇದೇ ಹಾದಿ ಹಿಡಿಯಿತು. ಹಾಗೆಂದು ಮಡಚುವುದೇ ಪಾಪವೇನಲ್ಲ. ನೋವಿಲ್ಲದ ಬೆನ್ನಿಗೆ ವಾರದಲ್ಲಿ ಎರಡು ದಿನ, ಹತ್ತು–ಹದಿನೈದರ ಕೆಲವು ಸೆಟ್ ಕ್ರಂಚಸ್ ಹೊರೆಯಾಗುವುದಿಲ್ಲ. ಸ್ನಾಯು ದಪ್ಪವಾಗಿ ಕಾಣಬೇಕೆನ್ನುವವರಿಗೆ ಅದು ಬೇಕು ಕೂಡ. ದಿನವೂ ನೂರರ ಲೆಕ್ಕ ಬೇಡ, ಅಷ್ಟೆ.

ವಾರಕ್ಕೆ ಎಷ್ಟು ದಿನ?

ಎರಡರಿಂದ ಮೂರು ದಿನ. ಹೆಚ್ಚಿನವರಿಗೆ ಇಷ್ಟು ಸಾಕು.

ಭಾರದ ಕೆಲಸ ಮಾಡಿದ ಸ್ನಾಯು ತನ್ನನ್ನು ದುರಸ್ತಿ ಮಾಡಿಕೊಂಡು ತುಸು ಗಟ್ಟಿಯಾಗುವುದಕ್ಕೆ ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಬೆಳವಣಿಗೆ ಆಗುವುದು ಬಿಡುವಿನಲ್ಲಿ. ಹೊಟ್ಟೆಯ ಸ್ನಾಯು ತೋಳು ತೊಡೆಗಳ ಸ್ನಾಯುವಿನ ಜಾತಿಗೇ ಸೇರಿದ್ದು, ಅದಕ್ಕೆ ಬೇರೆ ಕಾನೂನಿಲ್ಲ. ಸಂಶೋಧಕ ಬ್ರ್ಯಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 2016ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ, ಒಂದು ಸ್ನಾಯುವಿಗೆ ವಾರಕ್ಕೆ ಒಂದು ಸಲಕ್ಕಿಂತ ಎರಡು ಸಲ ಕೆಲಸ ಕೊಟ್ಟರೆ ಬೆಳವಣಿಗೆ ಚೆನ್ನಾಗಿತ್ತು. 2019ರಲ್ಲಿ ಮತ್ತಷ್ಟು ಪ್ರಯೋಗಗಳನ್ನು ಸೇರಿಸಿದಾಗ ಇನ್ನೊಂದು ಮಾತು ಸ್ಪಷ್ಟವಾಯಿತು. ವಾರದ ಒಟ್ಟು ಕೆಲಸ ಅಷ್ಟೇ ಇದ್ದರೆ ಅದನ್ನು ಎಷ್ಟು ದಿನಕ್ಕೆ ಹಂಚಿದಿರಿ ಎಂಬುದು ಅಷ್ಟೇನೂ ಮುಖ್ಯವಲ್ಲ.

ಹಾಗಾಗಿ ದಿನ ಎಣಿಸುವ ಬದಲು ವಾರದ ಸೆಟ್ ಎಣಿಸಿ. ಹೊಸಬರಿಗೆ ವಾರಕ್ಕೆ ಆರರಿಂದ ಎಂಟು ಗಟ್ಟಿ ಸೆಟ್ ಧಾರಾಳ. ಪಳಗಿದವರು ಹತ್ತು ಹನ್ನೆರಡಕ್ಕೆ ಏರಬಹುದು. ಗಟ್ಟಿ ಸೆಟ್ ಎಂದರೆ ಮುಗಿಸುವಾಗ ‘ಇನ್ನು ಎರಡೋ ಮೂರೋ ಆಗಬಹುದಿತ್ತು, ಅದಕ್ಕಿಂತ ಆಗುತ್ತಿರಲಿಲ್ಲ’ ಎನಿಸುವಂಥದ್ದು. ಐವತ್ತು ಕ್ರಂಚಸ್ ಮಾಡಿ ಪಕ್ಕದವರ ಜೊತೆ ಮಾತಾಡುತ್ತ ಎದ್ದುಹೋಗುವಂತಿದ್ದರೆ ಅದು ಸೆಟ್ಟೇ ಅಲ್ಲ. ಇಪ್ಪತ್ತು ಸುಲಭವಾದ ದಿನ ಇಪ್ಪತ್ತೈದಕ್ಕೆ ಹೋಗುವ ಬದಲು ವ್ಯಾಯಾಮವನ್ನೇ ಕಷ್ಟ ಮಾಡಿ. ಎದೆಯ ಮೇಲೆ ಎರಡು ಕೆಜಿ ಪ್ಲೇಟ್ ಇಟ್ಟುಕೊಳ್ಳಿ, ಕಾಲು ಇನ್ನಷ್ಟು ಚಾಚಿ, ಇಳಿಸುವ ಹೊತ್ತನ್ನು ಮೂರು ಸೆಕೆಂಡಿಗೆ ಎಳೆಯಿರಿ.

ಸ್ಕ್ವಾಟ್, ಡೆಡ್‌ಲಿಫ್ಟ್, ಪುಲ್‌ಅಪ್ ಮಾಡುವವರ ನಡು ಆ ದಿನವೇ ಸಾಕಷ್ಟು ದುಡಿದಿರುತ್ತದೆ. ಅಂಥವರಿಗೆ ಬಿಡಿಯಾಗಿ ಎರಡು ದಿನ ಮೀರಬೇಕಿಲ್ಲ. ಹೊಟ್ಟೆಯ ಕೆಲಸವನ್ನು ಭಾರ ಎತ್ತಿ ಮುಗಿಸಿದ ಮೇಲೆ ಇಟ್ಟುಕೊಳ್ಳಿ. ಮೊದಲೇ ದಣಿಸಿದ ಹೊಟ್ಟೆಯನ್ನು ನಂಬಿ ಬಾರ್‌ಬೆಲ್ ಹೊರುವುದು ಬೆನ್ನಿಗೆ ಒಳ್ಳೆಯದಲ್ಲ. ‘ದಿನಾ’ ಎಂಬುದಕ್ಕೆ ವಿನಾಯಿತಿ ಒಂದೇ: ಸೊಂಟ ಗಟ್ಟಿಮಾಡಿಕೊಳ್ಳಲೆಂದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಗುರ ಬಿಗಿತದ ವ್ಯಾಯಾಮಗಳು. ಅವು ಸ್ನಾಯುವನ್ನು ದಣಿಸುವುದಿಲ್ಲ, ಪಾಠ ಹೇಳುತ್ತವೆ. ಪಾಠ ದಿನವೂ ಆಗಬಹುದು.

ಮಾಡುವ ಬಗೆ

ಮೊದಲು ಬಿಗಿಯುವುದನ್ನು ಕಲಿಯಬೇಕು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುವುದು ಫೋಟೊಗೆ ಸರಿ, ವ್ಯಾಯಾಮಕ್ಕೆ ಸಾಲದು. ಎರಡೂ ಕೈಯ ಬೆರಳನ್ನು ಪಕ್ಕೆಲುಬಿನ ಕೆಳಗೆ ಪಕ್ಕದಲ್ಲಿ ಒತ್ತಿ ಹಿಡಿದು ಒಮ್ಮೆ ಕೆಮ್ಮಿ. ಬೆರಳನ್ನು ಹೊರಗೆ ತಳ್ಳಿದ ಬಿಗಿತವಿದೆಯಲ್ಲ, ಅದನ್ನು ಕೆಮ್ಮದೆ ತರಬೇಕು, ತಂದು ಉಸಿರಾಡುತ್ತಲೇ ಹಿಡಿದಿರಬೇಕು. ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರು ಈ ಮಾತನ್ನು ಮರೆಯಕೂಡದು.

ಡೆಡ್ ಬಗ್: ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಅಂಗಾತ ಮಲಗಿ, ಎರಡೂ ಕೈಯನ್ನು ಸೂರಿನತ್ತ ಚಾಚಿ, ಮಂಡಿಗಳನ್ನು ಸೊಂಟದ ಮೇಲಕ್ಕೆ ತಂದು ತೊಂಬತ್ತು ಡಿಗ್ರಿಗೆ ಮಡಚಿ. ಸೊಂಟದ ಅಡಿಗೆ ಬೆರಳು ಹಾಕಿ ನೋಡಿ. ಸಂದಿ ಇದ್ದರೆ ಹೊಟ್ಟೆ ಬಿಗಿದು ಬೆನ್ನನ್ನು ನೆಲಕ್ಕೆ ಒತ್ತಿ ಸಂದಿ ಮುಚ್ಚಿ. ಈಗ ಬಲಗೈಯನ್ನು ತಲೆಯ ಹಿಂದಕ್ಕೂ ಎಡಗಾಲನ್ನು ಮುಂದಕ್ಕೂ ನಿಧಾನ ಇಳಿಸುತ್ತ ಹೋಗಿ, ಬಾಯಿಂದ ಉಸಿರು ಪೂರ್ತಿ ಹೊರಬಿಡಿ. ಹಿಮ್ಮಡಿ ನೆಲಕ್ಕೆ ತಾಕುವ ಮೊದಲು ನಿಲ್ಲಿಸಿ ವಾಪಸು ತನ್ನಿ, ಬದಿ ಬದಲಿಸಿ. ಕಾಲು ಇಳಿಯುವಾಗ ಸೊಂಟ ಕಮಾನಿನಂತೆ ಎದ್ದ ಕ್ಷಣವೇ ಹೊಟ್ಟೆ ಕೈಬಿಟ್ಟಿತು ಎಂದರ್ಥ. ಅಲ್ಲಿಯವರೆಗೆ ಮಾತ್ರ ಇಳಿಸಿದರೆ ಸಾಕು. ಒಂದೊಂದು ಬದಿಗೆ ಎಂಟನ್ನು ಹೀಗೆ ಮಾಡಿದವರು ಇದನ್ನು ಸುಲಭದ್ದೆಂದು ಹೇಳುವುದಿಲ್ಲ.

ಪ್ಲ್ಯಾಂಕ್: ಒಂಬತ್ತೂವರೆ ಗಂಟೆಗೂ ಮೀರಿ ಪ್ಲ್ಯಾಂಕ್ ಹಿಡಿದ ವಿಶ್ವದಾಖಲೆಗಳಿವೆ. ನಮಗೆ ಮೂವತ್ತು ಸೆಕೆಂಡು ಸಾಕು, ಆದರೆ ಆ ಮೂವತ್ತು ಸೆಕೆಂಡು ಪೂರ್ತಿ ಬಿಗಿಯಾಗಿರಬೇಕು. ಮೊಣಕೈಗಳು ಭುಜದ ನೇರಕ್ಕೆ, ಪೃಷ್ಠ ಬಿಗಿಯಾಗಿ, ಕಿಬ್ಬೊಟ್ಟೆಯ ಮೂಳೆ ಹೊಕ್ಕುಳಿನ ಕಡೆಗೆ ತುಸು ಮಡಚಿಕೊಂಡಿರಲಿ. ಮೊಣಕೈಯನ್ನು ಕಾಲಿನತ್ತ ಎಳೆಯುವವರ ಹಾಗೆ ನೆಲಕ್ಕೆ ಒತ್ತಿ. ಹೀಗೆ ಮಾಡಿದರೆ ಹತ್ತು ಸೆಕೆಂಡಿಗೇ ಮೈ ನಡುಗುತ್ತದೆ. ಮೆಕ್‌ಗಿಲ್ ಅವರ ಪದ್ಧತಿಯಲ್ಲಿ ಒಂದೊಂದು ಹಿಡಿತವೂ ಹತ್ತೇ ಸೆಕೆಂಡು. ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದು. ಮೊದಲ ಸುತ್ತಿಗೆ ಆರು, ಆಮೇಲೆ ನಾಲ್ಕು, ಕೊನೆಗೆ ಎರಡು. ಸೊಂಟ ಜೋತುಬಿದ್ದು ಮೂರು ನಿಮಿಷ ಹಲ್ಲು ಕಚ್ಚುವುದಕ್ಕಿಂತ ಇದು ಎಷ್ಟೋ ಮೇಲು.

ಸೈಡ್ ಪ್ಲ್ಯಾಂಕ್ ಮತ್ತು ಬರ್ಡ್ ಡಾಗ್: ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಸೊಂಟವನ್ನು ಎತ್ತಿ ಹಿಡಿಯುವುದು ಮೊದಲನೆಯದು. ಆಗದವರು ಮಂಡಿ ಮಡಚಿ ಮಾಡಬಹುದು. ಎರಡನೆಯದರಲ್ಲಿ ಅಂಬೆಗಾಲಿನ ಭಂಗಿಯಲ್ಲಿ ನಿಂತು ಬಲಗೈ–ಎಡಗಾಲನ್ನು ಚಾಚಬೇಕು. ಬೆನ್ನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲದಷ್ಟು ಸ್ಥಿರವಾಗಿರಬೇಕು.

ಒಂದು ಕೈ ಹೊರೆ: ಮನೆಯಲ್ಲೇ ಆಗುವಂಥದ್ದು. ತುಂಬಿದ ಬಕೆಟ್ಟನ್ನೋ ಡಂಬೆಲ್ಲನ್ನೋ ಒಂದೇ ಕೈಯಲ್ಲಿ ಹಿಡಿದು, ಆ ಕಡೆಗೂ ವಾಲದೆ ಈ ಕಡೆಗೂ ಓಲದೆ ನೆಟ್ಟಗೆ ಮೂವತ್ತು ನಲವತ್ತು ಹೆಜ್ಜೆ ನಡೆಯಿರಿ. ಕೈ ಬದಲಿಸಿ. ಭಾರವಿಲ್ಲದ ಬದಿಯ ಆಬ್ಲಿಕ್ ಬಿಗಿಯುವುದು ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ನಲ್ಲಿ ನೀರು ಹೊತ್ತು ಮಹಡಿ ಹತ್ತಿದವರಿಗೆ ಇದು ಹೊಸದಲ್ಲ.

ರಿವರ್ಸ್ ಕ್ರಂಚ್, ನೇತಾಡಿ ಮಂಡಿ ಎತ್ತುವುದು: ಎರಡರಲ್ಲೂ ತಪ್ಪು ಒಂದೇ. ಕಾಲನ್ನಷ್ಟೇ ಎತ್ತಿದರೆ ತೊಡೆಯ ಸ್ನಾಯು ಕೆಲಸ ಮುಗಿಸಿಬಿಡುತ್ತದೆ. ಮಂಡಿ ಎದೆಯತ್ತ ಬಂದ ಮೇಲೆ ಸೊಂಟದ ಕೆಳಭಾಗವೂ ಮೇಲಕ್ಕೆ ಸುರುಳಿಯಾಗಬೇಕು, ಆಗಲೇ ರೆಕ್ಟಸ್ ದುಡಿಯುತ್ತದೆ. ಕಂಬಿಗೆ ನೇತಾಡುವಾಗ ಉಯ್ಯಾಲೆಯಾಡಬೇಡಿ.

ಆ್ಯಬ್ ವೀಲ್: ಹಿಂದಕ್ಕೆ ಬಾಗದಂತೆ ತಡೆಯುವ ಕೆಲಸಕ್ಕೆ ಇದು ಕಠಿಣ ಪರೀಕ್ಷೆ. ಮಂಡಿಯೂರಿ ಚಕ್ರವನ್ನು ಮುಂದಕ್ಕೆ ಉರುಳಿಸುತ್ತ ಸೊಂಟ ಜೋಲುವ ಮೊದಲೇ ವಾಪಸು ಬನ್ನಿ. ಪ್ಲ್ಯಾಂಕ್ ಪಳಗದವರು ಇದನ್ನು ಮುಟ್ಟುವುದು ಬೇಡ.

ಟಿವಿ ಜಾಹೀರಾತಿನಲ್ಲಿ ಬರುವ, ಸೊಂಟಕ್ಕೆ ಕಟ್ಟಿಕೊಂಡು ಸೋಫಾದಲ್ಲಿ ಕೂತರೆ ಪ್ಯಾಕ್ ಮೂಡಿಸುವುದೆನ್ನುವ ವಿದ್ಯುತ್ ಬೆಲ್ಟುಗಳ ವಿಷಯ ಎರಡೇ ಮಾತಿನಲ್ಲಿ ಮುಗಿಸಬಹುದು. ಇಂಥ ಬೆಲ್ಟುಗಳ ಮಾರಾಟಗಾರರ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲೇ ಸುಳ್ಳು ಪ್ರಚಾರದ ದೂರು ಹೂಡಿತ್ತು. ದುಡ್ಡು ಉಳಿಸಿ, ಬಕೆಟ್ ಎತ್ತಿ.

ಒಂದು ವಾರದ ಪಟ್ಟಿ

ಸೋಮವಾರ: ಡೆಡ್ ಬಗ್, ಬದಿಗೆ 8ರಂತೆ 2 ಸೆಟ್. ಸೈಡ್ ಪ್ಲ್ಯಾಂಕ್, ಬದಿಗೆ 20 ಸೆಕೆಂಡಿನಂತೆ 2 ಸೆಟ್.

ಗುರುವಾರ: ರಿವರ್ಸ್ ಕ್ರಂಚ್, 10ರಿಂದ 12ರ 2 ಸೆಟ್. ಒಂದು ಕೈ ಹೊರೆ, ಕೈಗೆ 2 ಸಲ.

ಶನಿವಾರ (ಬೇಕೆನಿಸಿದವರಿಗೆ): ಬಿಗಿ ಪ್ಲ್ಯಾಂಕ್, 10 ಸೆಕೆಂಡಿನ 6–4–2. ಬರ್ಡ್ ಡಾಗ್, ಬದಿಗೆ 6ರಂತೆ 2 ಸೆಟ್.

ಉಳಿದ ದಿನ ನಡಿಗೆ, ಸೂರ್ಯನಮಸ್ಕಾರ, ಅಥವಾ ಏನೂ ಇಲ್ಲ. ಒಂದು ದಿನದ ಕೆಲಸ ಹದಿನೈದು ನಿಮಿಷ ದಾಟುವುದಿಲ್ಲ. ಎರಡು ವಾರಕ್ಕೊಮ್ಮೆ ಒಂದು ವ್ಯಾಯಾಮವನ್ನಾದರೂ ತುಸು ಕಷ್ಟದ್ದಾಗಿಸಿ. ಮೊದಲ ವಾರ ನಕ್ಕರೆ, ಕೆಮ್ಮಿದರೆ ಹೊಟ್ಟೆ ನೋಯುವುದು ಸಹಜ. ಕಾಲಿಗೆ ಇಳಿಯುವ ನೋವು, ಜೋಮು, ಚುಚ್ಚಿದಂಥ ಸೊಂಟನೋವು ಸಹಜವಲ್ಲ. ಆಗ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಯಾರಿಗೆ ಬೇರೆ ದಾರಿ

ಹೆರಿಗೆಯಾದ ಹೆಂಗಸರಿಗೆ ‘ಹೊಟ್ಟೆ ಇಳಿಸಲು ಸಿಟ್‌ಅಪ್ ಮಾಡಮ್ಮ’ ಎನ್ನುವ ಸಲಹೆ ಸುತ್ತಲಿನವರಿಂದ ಬೇಗ ಬರುತ್ತದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ರೆಕ್ಟಸ್‌ನ ಎರಡು ಪಟ್ಟಿಗಳ ನಡುವಿನ ನಾರು ಹಿಗ್ಗಿ ಅವು ಒಂದರಿಂದೊಂದು ದೂರ ಸರಿದಿರುತ್ತವೆ. ಹಲವರಲ್ಲಿ ಹೆರಿಗೆಯ ನಂತರವೂ ಆ ಸಂದಿ ಉಳಿಯುತ್ತದೆ. ಮಲಗಿ ತಲೆ ತುಸು ಎತ್ತಿದಾಗ ಹೊಟ್ಟೆಯ ನಟ್ಟನಡುವೆ ದಿಂಡಿನಂತೆ ಉಬ್ಬು ಕಂಡರೆ, ಹೊಕ್ಕುಳಿನ ಬಳಿ ಎರಡಕ್ಕಿಂತ ಹೆಚ್ಚು ಬೆರಳು ಇಳಿದರೆ, ಕ್ರಂಚಸ್ ಬದಿಗಿರಲಿ. ಉಸಿರಿನೊಂದಿಗೆ ಒಳಪದರವನ್ನು ಬಿಗಿಯುವುದು, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಎತ್ತಿ ಹಿಡಿಯುವುದು ಮೊದಲ ಪಾಠ. ಸಿಸೇರಿಯನ್ ಆದವರು ವೈದ್ಯರ ಒಪ್ಪಿಗೆ ಪಡೆದೇ ತೊಡಗಬೇಕು.

ಮೂಳೆ ಸವೆದ ಹಿರಿಯರದು ಇನ್ನೊಂದು ವಿಷಯ. 1984ರಲ್ಲಿ ಅಮೆರಿಕದ ವೈದ್ಯರು ಆಸ್ಟಿಯೋಪೊರೋಸಿಸ್ ಇದ್ದ 59 ಮಹಿಳೆಯರನ್ನು ಅಭ್ಯಾಸ ಮಾಡಿದರು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ 89ರಷ್ಟು ಮಂದಿಗೆ ಬೆನ್ನುಮೂಳೆಯ ಹೊಸ ಬಿರುಕು ಬಂದಿತ್ತು, ಬೆನ್ನನ್ನು ಹಿಂದಕ್ಕೆ ನಿಗುರಿಸುವ ವ್ಯಾಯಾಮದವರಲ್ಲಿ ಶೇ 16ರಷ್ಟು ಮಂದಿಗೆ. ಅಧ್ಯಯನ ಚಿಕ್ಕದು, ಅಂತರ ಮಾತ್ರ ದೊಡ್ಡದು. ಅರವತ್ತು ದಾಟಿದ ಅಮ್ಮನಿಗೆ ಸಿಟ್‌ಅಪ್ ಕಲಿಸುವ ಉತ್ಸಾಹ ಯಾರಿಗಾದರೂ ಇದ್ದರೆ ಈ ಎರಡು ಅಂಕಿ ನೆನಪಿರಲಿ. ಅವರಿಗೆ ಗೋಡೆಗೆ ಮೊಣಕೈ ಊರಿ ನಿಂತು ಮಾಡುವ ಪ್ಲ್ಯಾಂಕ್, ಬರ್ಡ್ ಡಾಗ್ ಸಾಕು. ಹರ್ನಿಯಾ ಇರುವವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಯಾವುದೇ ಬಿಗಿತಕ್ಕೆ ಮೊದಲು ಡಾಕ್ಟರನ್ನು ಕೇಳಬೇಕು.

ಪ್ಯಾಕ್ ಕಾಣಲೇಬೇಕೆಂದರೆ

2007ರಲ್ಲಿ ‘ಓಂ ಶಾಂತಿ ಓಂ’ ಚಿತ್ರದಲ್ಲಿ ಶಾರುಖ್ ಖಾನ್ ಅಂಗಿ ಕಳಚಿದ ಮೇಲೆ ‘ಸಿಕ್ಸ್ ಪ್ಯಾಕ್’ ಎಂಬ ಮಾತು ಹಳ್ಳಿಯ ಕಟ್ಟೆಗೂ ಬಂತು. ತಪ್ಪೇನಿಲ್ಲ, ಆಸೆ ಒಳ್ಳೆಯದೇ. ಆದರೆ ಅದರ ಬೆಲೆ ಗೊತ್ತಿರಲಿ. ಗಂಡಸರಲ್ಲಿ ಮೈಯ ಕೊಬ್ಬು ಸರಿಸುಮಾರು ಶೇ 10ರಿಂದ 12ಕ್ಕೆ ಇಳಿದಾಗ ಪ್ಯಾಕ್ ಚೆನ್ನಾಗಿ ಮೂಡುತ್ತದೆ. ಹೆಂಗಸರಲ್ಲಿ ಆ ಮಟ್ಟ ಇನ್ನೂ ಮೇಲಿದೆ. ಅದಕ್ಕಿಂತ ಕೆಳಗೆ ತಳ್ಳಿದರೆ ಅವರ ಮುಟ್ಟೇ ಏರುಪೇರಾಗಬಹುದು. ನಟರು ತಿಂಗಳುಗಟ್ಟಲೆ ಅಳೆದು ತಿಂದು, ಚಿತ್ರೀಕರಣದ ದಿನಕ್ಕೆಂದು ಮೈ ಹದಗೊಳಿಸಿ, ಬೆಳಕಿನ ನೆರವು ಪಡೆದು ತೋರಿಸುವ ಹೊಟ್ಟೆ ಅವರಿಗೂ ವರ್ಷವಿಡೀ ಇರುವುದಿಲ್ಲ. ಕಡಿಮೆ ತಿನ್ನುವ ಕಾಲದಲ್ಲಿ ಪ್ಯಾಕ್ ಕಾಣುವಂತಾಗಬೇಕಾದರೆ ಅದಕ್ಕೂ ಮುಂಚೆ ಸ್ನಾಯು ದಪ್ಪವಾಗಿರಬೇಕು. ಭಾರ ಹಾಕಿದ ವ್ಯಾಯಾಮ ಬೇಕೆನ್ನುವುದು ಇದಕ್ಕೇ. ತೂಕ ಇಳಿಸುವವರು ವಾರಕ್ಕೆ ಅರ್ಧ ಕೆಜಿಗಿಂತ ಹೆಚ್ಚು ಅವಸರಪಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುವ ಅಪಾಯವಿದೆ.

ಹನ್ನೆರಡು ವಾರ ಈ ಪಟ್ಟಿ ಪಾಲಿಸಿದ ಮೇಲೆ ಮೂರು ವಿಷಯ ನೋಡಿಕೊಳ್ಳಿ. ಡೆಡ್ ಬಗ್‌ನಲ್ಲಿ ಕಾಲು ಪೂರ್ತಿ ಚಾಚಿದರೂ ಸೊಂಟ ನೆಲ ಬಿಡುವುದಿಲ್ಲವೇ? ಮೊದಲಿಗಿಂತ ಭಾರದ ಬಕೆಟ್ ಹಿಡಿದು ವಾಲದೆ ನಡೆಯುತ್ತೀರಾ? ಸಂಜೆ ಆಫೀಸಿನ ಕುರ್ಚಿಯಿಂದ ಏಳುವಾಗ ಸೊಂಟಕ್ಕೆ ಕೈ ಹೋಗುವುದು ಕಡಿಮೆಯಾಗಿದೆಯೇ? ಮೂರಕ್ಕೂ ಹೌದೆಂದರೆ ಸ್ನಾಯು ತನ್ನ ಕೆಲಸ ಕಲಿತಿದೆ, ಇನ್ನು ಭಾರ ಏರಿಸಬಹುದು. ಟೇಪಿನ ಅಳತೆ ಇಳಿದಿಲ್ಲವೆಂದಾದರೆ ಅದಕ್ಕಾಗಿ ಇನ್ನೊಂದು ಸೆಟ್ ಸೇರಿಸಬೇಡಿ. ಆ ಲೆಕ್ಕ ಬಗೆಹರಿಯುವುದು ಅಡುಗೆಮನೆಯಲ್ಲಿ ಮತ್ತು ನಡಿಗೆಯ ದಾರಿಯಲ್ಲಿ.